ಇನ್ನೊಂಚೂರು ಚಿಕ್ಕಮ್ಮ

ಬೀದಿಯವರು ಆಕೆಗೆ ‘ಇನ್ನೊಂಚೂರು ಚಿಕ್ಕಮ್ಮ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆಕೆಯ ಮನೆಗೆ ಹೋದವರು ಹೊಟ್ಟೆ ಬಿರಿಯುವಂತೆ ತಿನ್ನದೆ ಹೊಸಿಲು ದಾಟಿದ್ದೇ ಇಲ್ಲ. ಸಾಕು ಎಂದರೆ ಆಕೆಗೆ ಕೇಳಿಸುತ್ತಿರಲಿಲ್ಲ. ಬೇಡ ಎಂದರೆ ಪಾಪ, ನಾಚಿಕೆ ಎಂದುಕೊಳ್ಳುತ್ತಿದ್ದಳು. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದಳು. ಮೀಟರ್ ಓದಲು ಬಂದವನೊಬ್ಬ ಮೂರು ಲೋಟ ಚಹಾ, ಒಂದು ತಟ್ಟೆ ಬಿಸ್ಕತ್ತು ಮುಗಿಸಿ ಏದುಸಿರು ಬಿಡುತ್ತ ಹೋದವನು, ಮುಂದಿನ ತಿಂಗಳಿಂದ ಕಿಟಕಿಯಲ್ಲೇ ಇಣುಕಿ ಮೀಟರ್ ಓದಿಕೊಂಡು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದ್ದ.

ಆಕೆಯದು ಹೊಲಿಗೆ ಕೆಲಸ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಮೆಷಿನ್, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿದ್ದ ಶಾಲೆಯ ಸಮವಸ್ತ್ರಗಳು. ಅಲ್ಲೂ ಅದೇ ಬುದ್ಧಿ. ಲಂಗದ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿಯುತ್ತಿದ್ದಳು. ‘ಬೆಳೆಯೋ ಮಕ್ಕಳು, ಇನ್ನೊಂಚೂರು ಇರ್ಲಿ, ಆಮೇಲೆ ಬಿಚ್ಕೊಳ್ಳಿ’ ಎನ್ನುತ್ತಿದ್ದಳು.

ಇದೆಲ್ಲ ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಈಗ ಆ ಅಡ್ಡಹೆಸರು ಹಳಬರಿಗಷ್ಟೇ ನೆನಪು. ಈಗ ಆಕೆ ತಿಂಡಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ‘ಬೇಕಾದ್ರೆ ತಗೊಳ್ಳಿ’ ಎಂದು ಒಳಗೆ ಹೋಗಿಬಿಡುತ್ತಾಳೆ. ಮೊದಲು ಬಲವಂತಕ್ಕೆ ಹೆದರಿ ಬರುತ್ತಿರಲಿಲ್ಲ, ಈಗ ಕೇಳುವವರೇ ದಿಕ್ಕಿಲ್ಲ ಎಂದು ನೆಂಟರು ಗೊಣಗುತ್ತಾರೆ. ಗಂಡ ಹೋದ ಮೇಲೆ ಹೀಗಾದಳು ಎಂದು ಕೆಲವರು, ವಯಸ್ಸಾಯಿತು ಎಂದು ಕೆಲವರು. ಬಾಯಿಗೆ ಬಂದದ್ದು ಹೇಳುವುದಕ್ಕೆ ನೆಂಟರಿಗೆ ಯಾರ ಅಪ್ಪಣೆ ಬೇಕು. ನಿಜ ಗೊತ್ತಿದ್ದದ್ದು ಆಕೆಯೊಬ್ಬಳಿಗೆ.

ಆ ದಿನ ಆಕೆಯ ಮಗಳಿಗೆ ಆರು ತುಂಬಿತ್ತು. ಮನೆ ತುಂಬ ಮಕ್ಕಳು. ಎದುರುಮನೆಯ ಟೀಚರ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಿದೆ, ಆಮೇಲೆ ಬರುತ್ತೇನೆ ಎಂದು ತನ್ನ ಒಬ್ಬಳೇ ಮಗಳನ್ನು ಮುಂಚೆ ಕಳಿಸಿದ್ದಳು. ಆ ಮಗುವಿಗೆ ಗೋಡಂಬಿ, ಕಡಲೆಬೀಜ ಯಾವುದೂ ಆಗುವುದಿಲ್ಲ ಎಂದು ಟೀಚರ್ ಯಾವಾಗಲೋ ಒಮ್ಮೆ ಹೇಳಿದ್ದಳು. ಮೆಷಿನ್ ಓಡುತ್ತಿತ್ತು, ಚಿಕ್ಕಮ್ಮ ಅರ್ಧ ಕೇಳಿಸಿಕೊಂಡು, ಓದಿದವರ ಮಕ್ಕಳಿಗೆ ಏನು ತಿಂದರೂ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ನಕ್ಕಿದ್ದಳು.

ಕೇಕಿನ ಪದರದ ನಡುವೆ ಗೋಡಂಬಿ ಪುಡಿ ಇತ್ತು. ಮಗು ಮೆಟ್ಟಿಲ ತಿರುವಿನಲ್ಲಿ ಬಲೂನು ಹಿಡಿದು ಒಬ್ಬಳೇ ನಿಂತಿತ್ತು. ಚಿಕ್ಕಮ್ಮ ತಟ್ಟೆ ಒಯ್ದಳು. ಮಗು ಬೇಡ ಎಂದಿತು. ಒಂಚೂರು ಎಂದಳು. ಮತ್ತೆ ಬೇಡ ಎಂದು ಕೈ ಬೆನ್ನ ಹಿಂದೆ ಕಟ್ಟಿತು. ಮೂರನೆಯ ಸಲ ಅದು ಹೇಳಿದ ಮಾತನ್ನು ನೆನೆಯುವುದಕ್ಕೂ ಚಿಕ್ಕಮ್ಮನಿಗೆ ಇಂದಿಗೂ ಭಯ. ನಗುನಗುತ್ತಲೇ ಒಂದು ಚೂರನ್ನು ತನ್ನ ಕೈಯಾರೆ ಮಗುವಿನ ಬಾಯಿಗಿಟ್ಟು, ತಟ್ಟೆಯನ್ನು ಕೈಗೆ ಕೊಟ್ಟು ಒಳಗೆ ಹೋದಳು. ಕಾಲು ಗಂಟೆಯಲ್ಲಿ ಮಗುವಿನ ಮುಖ ಊದಿತ್ತು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತು.

ತಟ್ಟೆ ಅದರ ಕೈಯಲ್ಲೇ ಇತ್ತಲ್ಲ. ತಾನೇ ತೆಗೆದುಕೊಂಡು ತಿಂದಿರಬೇಕು, ಮಕ್ಕಳಲ್ಲವೇ ಎಂದು ಯಾರೋ ಅಂದರು. ಟೀಚರ್ ನೆಲದ ಮೇಲೆ ಕೂತು, ‘ಅವಳಿಗೆ ನೂರು ಸಲ ಹೇಳಿದ್ದೆ. ನನ್ನ ಮಾತು ಕೇಳ್ಲಿಲ್ಲ’ ಎಂದಳು. ಚಿಕ್ಕಮ್ಮ ಬಾಯಿ ತೆರೆದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಹನ್ನೊಂದು ದಿನ ಕಳೆದು, ಹನ್ನೊಂದು ತಿಂಗಳೂ ಕಳೆದ ಮೇಲೆ ನಾಳೆ ಎನ್ನುವುದಕ್ಕೂ ನಾಚಿಕೆಯಾಯಿತು.

ಅಂದಿನಿಂದ ಆ ಮೆಟ್ಟಿಲ ತಿರುವಿನಲ್ಲಿ ಆಕೆ ಗೋಡೆಗೆ ಅಂಟಿಕೊಂಡೇ ನಡೆಯುತ್ತಾಳೆ, ಅಲ್ಲಿ ಯಾರೋ ನಿಂತಿದ್ದಾರೆ, ತಾಗಿಬಿಟ್ಟೇನು ಎನ್ನುವಂತೆ. ಮೆಷಿನ್ ನಿಲ್ಲಿಸಿದ ತಕ್ಷಣ ಕೋಣೆಯಲ್ಲಿ ಒಂದು ಸಣ್ಣ ದನಿ ಉಳಿದಿರುತ್ತದೆ. ಅದಕ್ಕೇ ಹೊಲಿಯಲು ಬಟ್ಟೆಯಿಲ್ಲದಿದ್ದರೂ ಚಿಂದಿಯ ಮೇಲೆ ಮೆಷಿನ್ ಓಡಿಸುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಆಕೆ. ಬೀದಿಯಲ್ಲಿ ಯಾರು ಅಲರ್ಜಿ ಎಂದರೂ ಸೂಜಿ ಬೆರಳಿಗೆ ಚುಚ್ಚುತ್ತದೆ. ಟೀಚರ್ ಮಾತ್ರ ಪ್ರತಿದಿನ ಶಾಲೆಯಿಂದ ಬರುವಾಗ ಬಾಗಿಲಲ್ಲಿ ನಿಂತು ‘ಅಕ್ಕಾ, ಊಟ ಆಯ್ತಾ?’ ಎನ್ನುತ್ತಿದ್ದಳು. ಆ ವಿಶ್ವಾಸವೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಗಿತ್ತು.

ಈಗ ಮಗಳ ಮಗಳಿಗೆ ಮೂರು ತುಂಬಿತು. ಅದೇ ಮನೆ, ಅದೇ ಮೇಜು. ಬೀಜವಿಲ್ಲದ ಬರೀ ಕೇಕೇ ಬೇಕು ಎಂದು ಚಿಕ್ಕಮ್ಮ ಬೇಕರಿಗೆ ಮೂರು ಸಲ ಹೋಗಿ, ಬೇಕರಿಯವನು ಕೈಮುಗಿದ ಮೇಲಷ್ಟೇ ವಾಪಸು ಬಂದಿದ್ದಳು. ಕೇಕ್ ಕತ್ತರಿಸಿದ ಮೇಲೆ ಮಗಳು ಚಾಕು ಕೈಗೆ ಕೊಟ್ಟು, ‘ಅಮ್ಮ, ಎಲ್ರಿಗೂ ನೀನೇ ಕೊಡು. ಅಜ್ಜಿ ಕೈಯಿಂದಾನೇ ಆಗ್ಲಿ’ ಎಂದಳು. ಮಗಳಿಗೇನು ಗೊತ್ತು. ಚಿಕ್ಕಮ್ಮ ಒಂದೊಂದು ತಟ್ಟೆ ಹಿಡಿದು ಒಬ್ಬೊಬ್ಬ ತಾಯಿಯ ಮುಂದೆ ನಿಂತು, ‘ಮಗೂಗೆ ಕೊಡಬಹುದಾ?’ ಎಂದು ಕೇಳುತ್ತ ಹೋದಳು. ಇದೇನು, ಕೇಕಿಗೂ ಡಾಕ್ಟರ ಚೀಟಿ ಬರೆಸಬೇಕಾ ಎಂದು ಅಳಿಯ ನಕ್ಕ.

ಟೀಚರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅರ್ಧ ನರೆತ ಕೂದಲು, ಮಡಿಲಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ. ಪಕ್ಕದಲ್ಲಿ ಅಳಿಯನ ಸ್ನೇಹಿತನ ಮಗಳು, ಐದಾರು ವರ್ಷದವಳು. ಅವಳ ತಾಯಿ ಫೋನ್ ಬಂತೆಂದು ಹೊರಗೆ ಹೋಗಿದ್ದಳು. ಚಿಕ್ಕಮ್ಮ ಕೊಡದೆ ಮುಂದೆ ಹೋಗುವಷ್ಟರಲ್ಲಿ ಅಳಿಯ ತಟ್ಟೆಯೊಂದನ್ನು ಹುಡುಗಿಯ ಕೈಗೆ ತುರುಕಿದ.

‘ನಂಗೆ ಕೆಮ್ಮು. ಅಮ್ಮ ಬೇಡ ಅಂದಿದಾರೆ’ ಎಂದಳು ಹುಡುಗಿ.

‘ಅಯ್ಯೋ, ಒಂಚೂರು ತಿಂದ್ರೆ ಅಮ್ಮಂಗೇನು ಗೊತ್ತಾಗತ್ತೆ?’ ಎಂದ ಅಳಿಯ.

ಹುಡುಗಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಕೈ ಒರೆಸಿಕೊಂಡಳು. ಟೀಚರ್ ಅವಳ ತಲೆ ಸವರಿ, ‘ಅಮ್ಮನ ಮಾತು ಕೇಳ್ತಾಳೆ, ಜಾಣೆ’ ಎಂದಳು. ಆಮೇಲೆ ಯಾರಿಗೂ ಅಲ್ಲವೆಂಬಂತೆ, ‘ನನ್ನವಳು ಕೇಳ್ಲಿಲ್ಲ’ ಎಂದಳು. ದನಿಯಲ್ಲಿ ದುಃಖ ಇರಲಿಲ್ಲ, ಸಿಟ್ಟು ಇತ್ತು. ಸತ್ತ ಮಗುವಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಮಾಸದೆ ಉಳಿದ ಸಿಟ್ಟು.

ಚಿಕ್ಕಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ತಾನು ಮುಚ್ಚಿಟ್ಟದ್ದು ತನ್ನ ತಪ್ಪು ಎಂದಷ್ಟೇ ಇಷ್ಟು ದಿನ ತಿಳಿದಿದ್ದಳು. ಆ ಮಗುವಿನ ಒಳ್ಳೆಯ ಹೆಸರನ್ನೂ ತಾನೇ ನುಂಗಿ ಕೂತಿದ್ದೇನೆ ಎಂಬುದು ಆಗ ಹೊಳೆಯಿತು.

‘ಟೀಚರ್, ಸ್ವಲ್ಪ ಅಡುಗೆಮನೆಗೆ ಬನ್ನಿ’ ಎಂದಳು.

ಬಾಗಿಲು ಮುಂದೆ ಮಾಡಿ, ತೊಳೆಯುವ ಪಾತ್ರೆಗಳ ಪಕ್ಕದಲ್ಲಿ ನಿಂತು ಹೇಳಿದಳು. ಪೀಠಿಕೆ ಹಾಕಲಿಲ್ಲ. ‘ನಿಮ್ಮ ಮಗಳು ತಾನಾಗಿ ತಿನ್ಲಿಲ್ಲ. ನಾನೇ ಬಾಯಿಗೆ ಇಟ್ಟೆ. ಅವಳು ಮೂರು ಸಲ ಬೇಡ ಅಂದ್ಲು.’

ಹೊರಗೆ ಮಕ್ಕಳು ಬಲೂನು ಒಡೆಯುತ್ತಿದ್ದರು. ಟೀಚರ್ ಕಟ್ಟೆ ಹಿಡಿದುಕೊಂಡಳು. ಹೊಡೆಯಲಿ, ಬಯ್ಯಲಿ, ಮನೆಯವರೆಲ್ಲ ಕೇಳುವಂತೆ ಕಿರುಚಲಿ ಎಂದು ಚಿಕ್ಕಮ್ಮ ಕಾದಳು. ಟೀಚರ್ ಕೇಳಿದ್ದು ಒಂದೇ.

‘ಬೇಡ ಅಂತ ಹೇಗಂದ್ಲು? ಅವಳು ಅಂದ ಹಾಗೇ ಹೇಳಿ.’

‘ಮೊದಲ್ನೇ ಸಲ ಬೇಡ ಅಂದ್ಲು. ಎರಡ್ನೇ ಸಲ ಕೈ ಹಿಂದಕ್ಕೆ ಕಟ್ಕೊಂಡ್ಲು.’ ಚಿಕ್ಕಮ್ಮ ಪಾತ್ರೆಗಳತ್ತ ತಿರುಗಿದಳು. ‘ಮೂರ್ನೇ ಸಲ, ಅಮ್ಮನ್ನ ಕೇಳ್ಕೊಂಡು ಬಂದು ತಿಂತೀನಿ ಅಂದ್ಲು.’

ಟೀಚರ್ ಅಳಲಿಲ್ಲ. ‘ಕೇಳ್ಕೊಂಡು ಬಂದು’ ಎಂದು ಮೆಲ್ಲಗೆ ಒಮ್ಮೆ ಅಂದುಕೊಂಡಳು. ‘ಅಲ್ಲಿಂದ ನಮ್ಮನೆಗೆ ಎಷ್ಟು ದೂರ ಅಕ್ಕಾ? ಇಪ್ಪತ್ತು ಹೆಜ್ಜೆ.’ ಉಡುಗೊರೆಯನ್ನು ಪಾತ್ರೆಗಳ ನಡುವೆಯೇ ಬಿಟ್ಟು ಹಿತ್ತಲ ಬಾಗಿಲಿಂದ ಹೊರಟುಹೋದಳು.

ನಾಳೆ ಪೊಲೀಸರು ಬಂದಾರು, ಬೀದಿಯೆಲ್ಲ ಉಗಿದೀತು ಎಂದು ಚಿಕ್ಕಮ್ಮ ಕಾದಳು. ಯಾರೂ ಬರಲಿಲ್ಲ. ಶನಿವಾರ ಸಂಜೆ ಟೀಚರ್ ಬಂದಳು. ಅಕ್ಕಾ ಎನ್ನಲಿಲ್ಲ, ಊಟವಾಯಿತೇ ಎಂದೂ ಕೇಳಲಿಲ್ಲ. ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ಕೈಯೆತ್ತಿ ಮೆಷಿನ್ ನಿಲ್ಲಿಸಲು ಸನ್ನೆ ಮಾಡಿದಳು.

‘ಏನಂದ್ಲು?’ ಎಂದಳು.

ಚಿಕ್ಕಮ್ಮ ಹೇಳಿದಳು. ಟೀಚರ್ ಕಣ್ಣು ಮುಚ್ಚಿ ಕೇಳಿ, ಎದ್ದು ಹೋದಳು. ಮುಂದಿನ ಶನಿವಾರವೂ ಬಂದಳು. ಕ್ಷಮಿಸಿದೆ ಎಂದು ಟೀಚರ್ ಹೇಳಲೂ ಇಲ್ಲ, ಇವಳು ಕೇಳಲೂ ಇಲ್ಲ. ಮಗಳ ಕೊನೆಯ ಮಾತು ಇರುವುದು ಇವಳೊಬ್ಬಳ ಬಾಯಲ್ಲಿ. ಅದನ್ನು ಕೇಳಲು ಆ ತಾಯಿ ಬೇರೆ ಎಲ್ಲಿಗೆ ಹೋಗಬೇಕು.