ಅರ್ಧ ಸುತ್ತು

ಆ ಬೀದಿಯವರೆಲ್ಲ ಅವನನ್ನು ಮಿಲಿಮೀಟರ್ ಅಂತಲೇ ಕರೆಯುತ್ತಿದ್ದರು. ಬ್ಯಾಂಕಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಅಗಲದ ಕನ್ನಡಕದ ಅಂಗಡಿ ಅವನದು. ಗಿರಾಕಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಅಳತೆಪಟ್ಟಿ ಇಟ್ಟು, ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ ಎಷ್ಟು ದೂರ ಎಂದು ನೋಡುವಾಗ ಅವನು ಉಸಿರೇ ಬಿಡುತ್ತಿರಲಿಲ್ಲ. "ಒಂದು ಮಿಲಿಮೀಟರ್ ಆಚೀಚೆ ಆದ್ರೂ ತಲೆನೋವು ಬರುತ್ತೆ" ಎನ್ನುವುದು ಇಪ್ಪತ್ತಾರು ವರ್ಷದಿಂದ ಅವನ ಬಾಯಲ್ಲಿದ್ದ ಮಾತು. ಇಂಥವನು ಒಂದು ಸ್ಕ್ರೂವನ್ನು ಬೇಕೆಂದೇ ಸಡಿಲ ಬಿಟ್ಟ ಎಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಬಿಟ್ಟಿದ್ದ.

ಸ್ಕ್ರೂ ಇದ್ದದ್ದು ಪಿಯಾನೊ ಕಲಿಸುವ ಟೀಚರ ಕನ್ನಡಕದಲ್ಲಿ. ಪಾಪ, ಆಕೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮೊದಲ ಗುರುವಾರ ಕಡ್ಡಿ ಬಾಗಿದೆ ಎಂದು ಬಂದರು, ನಿಜಕ್ಕೂ ಬಾಗಿತ್ತು. ಸರಿಮಾಡಿ ಕೊಟ್ಟಾಗ, "ನೀವು ಎಷ್ಟು ಗಮನ ಕೊಟ್ಟು ನೋಡ್ತೀರ. ಹೀಗೆ ನೋಡೋರು ಈಗ ಯಾರಿದ್ದಾರೆ" ಎಂದರು. ಅಷ್ಟೇ. ನಲವತ್ತೊಂಬತ್ತರ ಗಂಡಸು ಆ ಒಂದು ಮಾತಿಗೆ ಉಬ್ಬಿಹೋದ. ಎರಡನೆಯ ಗುರುವಾರ ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ಬಂದರು. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಮೂರನೆಯ ಗುರುವಾರ ಸ್ಕ್ರೂ ಸಡಿಲ. ಅವನು ಬಿಗಿ ಮಾಡುತ್ತ ಬಂದ, ಇನ್ನರ್ಧ ಸುತ್ತು ಇರುವಾಗ ಕೈ ನಿಂತಿತು. ನಿಂತಿತೇನು ಬಂತು, ಅವನೇ ನಿಲ್ಲಿಸಿದ. ಇಷ್ಟಕ್ಕೆ ಬಿಟ್ಟರೆ ಏಳೆಂಟು ದಿನಕ್ಕೆ ಮತ್ತೆ ಅಲ್ಲಾಡುತ್ತದೆ ಎಂಬ ಲೆಕ್ಕ ಅವನ ಬೆರಳಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಅವನ ನೆಮ್ಮದಿ ಹಾಳಾಯಿತು. ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಷಟರ್ ಎತ್ತುವುದು, ಒರೆಸಿದ ಗಾಜನ್ನೇ ಮತ್ತೆ ಒರೆಸುವುದು, ಬಾಗಿಲಿಗೆ ಬಂದು ನಿಂತು ಬೀದಿಯ ಎರಡೂ ತುದಿ ನೋಡಿ ಒಳಗೆ ಹೋಗುವುದು. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳು ಕೈಯಿಂದ ಬಿದ್ದು ಚೆಲ್ಲಾಪಿಲ್ಲಿಯಾಗುತ್ತಿದ್ದವು, ಅವನು ನೆಲದ ಮೇಲೆ ತೆವಳಿಕೊಂಡು ಹುಡುಕುತ್ತಿದ್ದ. ಏನೂ ನಡೆದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದಿನಕ್ಕೆ ಹತ್ತು ಸಲ ಹೇಳಿಕೊಳ್ಳಬೇಕಾಗಿ ಬಂದಾಗ ಏನೋ ನಡೆದಿದೆ ಎಂದು ಅವನಿಗೇ ಅರ್ಥವಾಯಿತು. ಕೆಡುವುದು ಕೈಯಿಂದಲ್ಲ, ನೋಟದಲ್ಲೇ ಶುರುವಾಗುತ್ತದೆ ಎಂದು ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿ ಬೆಳೆದವನು. ಅದರ ಮೇಲೆ, ಹೊಟ್ಟೆಪಾಡಿಗೆ ಅವನು ಮಾಡುವುದೇ ನೋಡುವ ಕೆಲಸ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ದೇವರ ಮುಂದೆ, ಸಭೆಯ ಮುಂದೆ ಕೈ ಹಿಡಿದು ಮಾತು ಕೊಟ್ಟ ಮರುದಿನದಿಂದ ಇಬ್ಬರೂ ಬೆಳಗಿನ ಚಹಾಕ್ಕೆ ಮುಂಚೆ ಮಂಚದ ಪಕ್ಕ ಮೊಣಕಾಲೂರಿ, ಕಣ್ಣು ಮುಚ್ಚಿ, ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದರು. ಜ್ವರ ಬಂದಾಗಲೂ ತಪ್ಪಿಸಿರಲಿಲ್ಲ. ಈಗ ತನ್ನ ಸರದಿ ಬಂದರೆ ಅವನು ಮನೆಯ ವಿಷಯವನ್ನೇ ಎತ್ತುತ್ತಿರಲಿಲ್ಲ. ದೇಶಗಳಿಗೆ ಶಾಂತಿ ಬೇಡುತ್ತಿದ್ದ, ರೋಗಿಗಳನ್ನು ನೆನೆಯುತ್ತಿದ್ದ, ಸಮುದ್ರದ ಮೇಲಿರುವವರನ್ನೂ ಬಿಡುತ್ತಿರಲಿಲ್ಲ.

ನಾಲ್ಕನೆಯ ಗುರುವಾರ ಟೀಚರು ನಗುತ್ತಲೇ ಬಂದರು. "ನೋಡಿ, ಮತ್ತೆ ಲೊಡಲೊಡ ಅಂತಿದೆ."

ಅವನು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅದನ್ನು ತಾನೇ ಆರಿಸಿದ್ದೆಂದು ನೆನಪಾಗಿ ನಾಚಿಕೆಯಾಯಿತು. ಕನ್ನಡಕ ತೆಗೆದುಕೊಂಡು ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸಿದ. ಡ್ರಾಯರಿನಿಂದ ಸಣ್ಣ ಸೀಸೆ ತೆಗೆದು ಸೂಜಿಮೊನೆಯಷ್ಟು ಅಂಟು ಸ್ಕ್ರೂವಿನ ತಲೆಗೆ ಮುಟ್ಟಿಸಿದ. "ಇನ್ನು ಸಡಿಲ ಆಗಲ್ಲ ಟೀಚರ್. ಬರೋ ಅಗತ್ಯ ಬೀಳಲ್ಲ."

"ಅಯ್ಯೋ, ಇದನ್ನ ಹೋದ ಸಲವೇ ಹಾಕಬಹುದಿತ್ತಲ್ಲ" ಎಂದರು ಅವರು, ಏನೂ ಅರಿಯದೆ.

"ಹಾಕಬೇಕಿತ್ತು. ತಪ್ಪು ನನ್ನದೇ."

ಅವರು ಹೋದರು. ಇನ್ನು ನಿರಾಳ ಎಂದುಕೊಂಡವನಿಗೆ ಸಂಜೆಯ ಹೊತ್ತಿಗೆ ಕಸಿವಿಸಿ ಇಮ್ಮಡಿಯಾಯಿತು. ದೇವರ ಹತ್ತಿರ ಕ್ಷಮೆ ಕೇಳಿದ್ದಾಗಿತ್ತು, ಒಂದಲ್ಲ, ನಲವತ್ತು ಸಲ. ಆದರೆ ದೇವರಿಗೆ ಹೇಳುವುದು ಸುಲಭ, ಆತನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಇದ್ದವಳು ಹೆಂಡತಿಯೊಬ್ಬಳೇ. ಹೇಳಿದರೆ ಅವಳ ನಂಬಿಕೆ ಕಳೆದುಕೊಂಡೇನು ಎಂಬ ಭಯ. ಹೇಳದಿದ್ದರೆ ಆ ಮಂಚದ ಪಕ್ಕ ಅವಳ ಜೊತೆ ಮೊಣಕಾಲೂರಲು ಮುಖವಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಸಮುದ್ರದ ಮೇಲಿರುವವರ ತನಕ ಬಂದಿದ್ದ. ಹೆಂಡತಿ ನಡುವೆಯೇ ತಡೆದಳು.

"ಏನ್ರೀ, ಒಂದು ವಾರದಿಂದ ಬರೀ ಲೋಕಕ್ಕೆಲ್ಲ ಬೇಡ್ಕೊಳ್ತಿದ್ದೀರ. ಈ ಮನೆಯಲ್ಲಿ ಏನಾಗಿದೆ?"

ಅವನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಹೊಗಳಿಕೆ, ಇಪ್ಪತ್ತು ನಿಮಿಷ, ಇಸ್ತ್ರಿ ಅಂಗಿ, ಸ್ಕ್ರೂ, ಒಂದನ್ನೂ ಬಿಡಲಿಲ್ಲ. "ಅರ್ಧ ಸುತ್ತು ಅಷ್ಟೇ ಕಣೇ" ಎಂದು ಕೊನೆಗೆ ಸೇರಿಸಿದ. ಆ ಮಾತು ಸೇರಿಸಬಾರದಿತ್ತು.

"ಅಷ್ಟೇ ಅನ್ನಬೇಡಿ" ಎಂದಳು. "ಬೇರೆ ಯಾರಾದ್ರೂ ಆಗಿದ್ರೆ ಕೈ ತಪ್ಪಿತು ಅಂತಿದ್ದೆ. ನಿಮ್ಮ ಕೈ ತಪ್ಪೋ ಕೈ ಅಲ್ಲ." ಆಮೇಲೆ ತನ್ನ ಕನ್ನಡಕ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅದಿಲ್ಲದೆ ಅವಳಿಗೆ ಒಂದು ಮಾರು ದೂರದ್ದೂ ಮಸುಕು. "ಈಗ ನಿಮ್ಮ ಮುಖ ನನಗೆ ಕಾಣಿಸ್ತಿಲ್ಲ. ಸ್ವಲ್ಪ ದಿನ ಹಾಗೇ ಇರಿ."

ಅವಳು ಅಳಲಿಲ್ಲ, ಅತ್ತಿದ್ದರೆ ಅವನಿಗೆ ಒಂದು ಕೆಲಸವಾದರೂ ಸಿಗುತ್ತಿತ್ತು. ಶನಿವಾರ ಮನೆಯಲ್ಲಿ ಯಂತ್ರದ್ದೇ ಸದ್ದು. ಭಾನುವಾರ ಚರ್ಚಿನಲ್ಲಿ ಅದೇ ಬೆಂಚಿನಲ್ಲಿ ಕೂತಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಆರಾಧನೆ ಮುಗಿಯುವತನಕ ಅವನು ಆ ಖಾಲಿ ಜಾಗವನ್ನು ಅಳೆಯುತ್ತಲೇ ಇದ್ದ. ಪಾದ್ರಿ ಅಯ್ಯನವರು ಏನು ಬೋಧಿಸಿದರೆಂದು ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದ.

ಸೋಮವಾರ ಹನ್ನೊಂದರ ಹೊತ್ತಿಗೆ ಅವಳು ಅಂಗಡಿಗೆ ಬಂದಳು. ಮಧ್ಯಾಹ್ನದ ಬುತ್ತಿ ತರಲೂ ಹೀಗೆ ಬಂದವಳಲ್ಲ. ಗಿರಾಕಿಯ ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಗಾಜಿನ ಮೇಜಿನ ಮೇಲಿಟ್ಟಳು. "ಇದನ್ನೊಂಚೂರು ನೋಡಿ."

ಅವನು ಕೈಗೆತ್ತಿಕೊಂಡ. ಎಡಗಡೆಯ ಕಡ್ಡಿಗೆ ಸ್ಕ್ರೂವೇ ಇರಲಿಲ್ಲ. ಕಪ್ಪು ಫ್ರೇಮಿಗೆ ಕಪ್ಪು ದಾರ ಸುತ್ತಿ ಗಂಟು ಹಾಕಿತ್ತು, ಹೊಲಿಗೆಯವಳ ಅಚ್ಚುಕಟ್ಟಾದ ಗಂಟು. ಅಂಚಿನಲ್ಲಿ ದಾರ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು.

"ಯಾವಾಗ ಬಿದ್ದುಹೋಯ್ತು?"

"ಏಳು ತಿಂಗಳಾಯ್ತು."

ದಿನಾ ಬೆಳಿಗ್ಗೆ ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ, ಕಣ್ಣು ತೆರೆದಾಗ ಎದ್ದು ಅಂಗಡಿಗೆ ಓಡಿದ್ದ. ಅರ್ಧ ಸುತ್ತಿಗಿಂತ ಇದೇ ದೊಡ್ಡದೆಂದು ಅವನಿಗೆ ಆಗ ಹೊಳೆಯಿತು. ಅವನ ಕಣ್ಣು ತುಂಬಿ ಬಂತು. "ನನಗ್ಯಾಕೆ ಹೇಳಲಿಲ್ಲ?"

"ನೀವು ನೋಡ್ತೀರ ಅಂತ ಕಾಯ್ತಿದ್ದೆ."

ಅವನು ದಾರವನ್ನು ಕತ್ತರಿಸದೆ, ಉಗುರಿನಿಂದ ಗಂಟು ಬಿಡಿಸಿ ತೆಗೆದ. ಸ್ಕ್ರೂ ಹಾಕಿ, ಪೂರ್ತಿ ಸುತ್ತು ತಿರುಗಿಸಿ, ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿದ. ಆಮೇಲೆ ಅಂಟಿನ ಸೀಸೆಗೆ ಕೈ ಚಾಚಿದ.

ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಶುಕ್ರವಾರದಿಂದ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಅಂಟು ಬೇಡ" ಎಂದಳು. "ಸಡಿಲ ಆದ್ರೆ ಆಗಲಿ. ನೀವು ನೋಡಿ ಬಿಗಿ ಮಾಡಿ."