ಸೊಯ್ಲಾಳ ತಲೆಗೆ ಬಂದ ಪ್ರಭಾವಳಿ

ಸೊಯ್ಲಾ ಕಿಲುಂಬಾಕಿನ್ ಸಂತರ ಚಿತ್ರ ಮಾರುವವಳೆಂದೇ ನಾನು ಬಹಳ ದಿನ ತಿಳಿದಿದ್ದೆ. ಅವಳ ಅಂಗಡಿಯ ಗೋಡೆಯ ಮೇಲಿನ ಮುಖಗಳಲ್ಲಿ ಅಷ್ಟು ಗಾಂಭೀರ್ಯ. ಒಂದಕ್ಕೆ ಟೋಪಿ ತೆಗೆದು ಶಿಲುಬೆಯ ಗುರುತನ್ನೂ ಮಾಡಿಕೊಂಡೆ. ಅದು ಅವಳೇ ತೆಗೆದ ಹಂದಿ ವ್ಯಾಪಾರಿಯ ಮದುವೆಯ ಫೋಟೋ.

ಆ ವರ್ಷ ಸಂತ ಹುವಾನನ ಹಬ್ಬಕ್ಕೆ ಊರವರು ಗೌರವದಿಂದ ಡಾನ್ ಎನ್ನುವ ಎಲಿಯೋದೋರೋ ಪ್ರಿಯೋಸ್ತೆ, ಅಂದರೆ ಊರಿಗೆಲ್ಲ ಊಟ ಹಾಕುವ ಯಜಮಾನ. ಮುಂದಿನ ವರ್ಷವೂ ಆ ಪಟ್ಟ ತನಗೇ ಬೇಕೆಂಬ ಹಂಬಲ. ಆದರೆ ಒಬ್ಬನೇ ಎರಡು ಸಲ ಆಗಬೇಕಾದರೆ ಸಂತನೇ ಗುರುತು ಕೊಡಬೇಕೆಂಬುದು ಊರ ಪದ್ಧತಿ. ಗುರುತು ಸಿಕ್ಕಿತ್ತು: ಕುರಿ ಹುಡುಕುತ್ತ ಗುಡ್ಡದ ನೆತ್ತಿಗೆ ಹೋದಾಗ, ಕೆಳಗಿನ ಮಂಜಿನ ಮೇಲೆ ಅವನ ನೆರಳು, ನೆರಳಿನ ತಲೆಯ ಸುತ್ತ ಬಣ್ಣಬಣ್ಣದ ಪ್ರಭಾವಳಿ! ಇನ್ನು ಸಾಕ್ಷಿಗೊಂದು ಫೋಟೋ ಬೇಕಿತ್ತು. ಅವನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತು ಅವನಿಗೆ ಕೊಮಾದ್ರೆಯಾದ ಸೊಯ್ಲಾ ಇಲ್ಲವೆನ್ನುವಂತಿರಲಿಲ್ಲ.

ದಿನಾ ಗುಡ್ಡ ಹತ್ತಿದ್ದೇ ಹತ್ತಿದ್ದು. ಮಂಜಿದ್ದರೆ ಬಿಸಿಲಿಲ್ಲ, ಬಿಸಿಲಿದ್ದರೆ ಮಂಜಿಲ್ಲ. ಕೊನೆಗೊಂದು ಬೆಳಿಗ್ಗೆ ಬೆನ್ನ ಹಿಂದೆ ಸೂರ್ಯ, ಮುಂದೆ ಹತ್ತಿಯಂಥ ಮಂಜು.

"ಬಂತು! ಕೊಮಾದ್ರೆ, ಹೊಡೀರಿ!" ಎಂದು ಡಾನ್ ಕುಣಿದ.

"ಅಯ್ಯೋ, ಅದು ನನ್ನ ತಲೆ ಸುತ್ತ ಅಲ್ವೇನ್ರೀ!" ಎಂದಳು ಹೆಂಡತಿ ರೋಸಾಲ್ಬಾ.

"ಸೂಪಿಗೆ ಉಪ್ಪು ಹಾಕೋದು ಮರೆಯೋಳಿಗೆ ಪ್ರಭಾವಳಿ ಬೇರೆ ಕೇಡು!"

"ಇಬ್ರೂ ಬಾಯಿ ಮುಚ್ಚಿ," ಎಂದ ಸಾಕ್ಷಿಗೆಂದು ಬಂದಿದ್ದ ಊರ ಹಿರಿಯ ಸಿಪ್ರಿಯಾನೋ. "ಇರೋದು ನನ್ನ ತಲೆಗೆ. ನೋಡಿ, ಹಾರಿದ್ರೆ ಅದೂ ಹಾರುತ್ತೆ!"

ಮೂವರೂ ಹಾರಿದರು. ಮೂವರಿಗೂ ತಮ್ಮದೇ ಹಾರಿದಂತೆ ಕಂಡಿತು. ಸಾಮಾನು ಹೊತ್ತು ತಂದಿದ್ದ ಹೇಸರಗತ್ತೆಯೂ ಕಿವಿ ನಿಮಿರಿಸಿ ತನ್ನ ನೆರಳನ್ನು ಒಂದು ಥರಾ ನೋಡುತ್ತಿತ್ತು.

ಸೊಯ್ಲಾ ಫೋಟೋ ತೆಗೆದು ಕ್ಯಾಮರಾದ ಪರದೆ ನೋಡಿದಳು. ಮನುಷ್ಯರ ನೆರಳು ನಾಲ್ಕು. ಪ್ರಭಾವಳಿ ಒಂದಕ್ಕೇ: ಮೊಣಕೈ ಚಾಚಿ ಮುಖಕ್ಕೆ ಡಬ್ಬಿ ಹಿಡಿದಿದ್ದಕ್ಕೆ. ಜಾಗ ಬದಲಿಸಿ ತೆಗೆದಳು. ಸಂತ ಹಟಮಾರಿ, ಅವಳನ್ನೇ ಹಿಂಬಾಲಿಸಿದ.

ಸಿಪ್ರಿಯಾನೋ ಟೋಪಿ ತೆಗೆದ. "ಸರಿ ಬಿಡು. ಮುಂದಿನ ವರ್ಷ ನೀನೇ ಕಣಮ್ಮ ಪ್ರಿಯೋಸ್ತೆ."

ಸೊಯ್ಲಾ ಖರ್ಚಿನ ಲೆಕ್ಕ ಹಾಕಿದಳು. ಊರಿಗೆಲ್ಲ ಊಟ, ಪೀಪಾಯಿಗಟ್ಟಲೆ ಚಿಚಾ ಹೆಂಡ, ಬ್ಯಾಂಡಿನವರು! ಅಡುಗೆಮನೆಯಲ್ಲಿ ತಿನ್ನಲೆಂದು ಸಾಕಿದ ಕುಯಿ ಇಲಿಗಳು ಒಂದು ಪಂಕ್ತಿಗೂ ಸಾಲವು, ಕ್ಯಾಮರಾವನ್ನೇ ಮಾರಬೇಕಾದೀತು. ಡಾನ್ ಅಂತೂ ಅಳುವುದೊಂದು ಬಾಕಿ. ಅವಳು ಕ್ಯಾಮರಾವನ್ನು ಅವನ ಕೈಗೆ ತುರುಕಿದಳು.

"ಹಿಡ್ಕೊಳ್ಳಿ ಡಾನ್, ನನ್ನ ಕೈಲಾಗಲ್ಲ. ನೀವೇ ಒಂದು ಹೊಡೀರಿ!"

ಅವನು ಒತ್ತಿದ. ಅರ್ಧ ಚಿತ್ರದ ತುಂಬ ಅವನದೇ ಹೆಬ್ಬೆರಳು. ಉಳಿದರ್ಧದಲ್ಲಿ ಪ್ರಭಾವಳಿ, ಈಗ ಡಬ್ಬಿ ಹಿಡಿದಿದ್ದ ಡಾನ್ ಎಲಿಯೋದೋರೋನ ತಲೆಯ ಸುತ್ತಲೇ!

"ಸಂತ ಮನಸ್ಸು ಬದಲಾಯಿಸಿದ!" ಎಂದು ಅವನು ಹಾಕಿದ ಕೇಕೆಗೆ ಹೇಸರಗತ್ತೆ ಊರ ಕಡೆ ಓಟ ಕಿತ್ತಿತು. "ತಾ ಇಲ್ಲಿ, ನಾನೂ ಒಂದು ಹೊಡೀತೀನಿ," ಎಂದು ಸಿಪ್ರಿಯಾನೋ ಕೈ ಚಾಚುವಷ್ಟರಲ್ಲಿ ಮಂಜು ಕರಗಿತ್ತು. ನಾಲ್ವರೂ ಉರುಳುತ್ತ ನಗುತ್ತ ಗುಡ್ಡ ಇಳಿದರು.

ಆ ಫೋಟೋ ಈಗ ಪ್ರಾರ್ಥನಾಮಂದಿರದ ಬಾಗಿಲಲ್ಲಿದೆ. ಹೆಬ್ಬೆರಳು ಸಂತನದೇ ಎಂದು ಡಾನ್ ಆಣೆಯಿಟ್ಟು ಹೇಳುತ್ತಾನೆ.

ಮರುವರ್ಷದ ಹಬ್ಬದಲ್ಲಿ ಸೊಯ್ಲಾ ಡಾನ್ ಬಡಿಸಿದ ಹುರಿದ ಕುಯಿಯ ತೊಡೆ ಜಗಿಯುತ್ತ ಕೂತಿದ್ದಳು. ಅವತ್ತಿನ ಪ್ರಭಾವಳಿ ನಿಜವಾಗಿ ಯಾರದು ಎಂದು ಕೇಳಿದೆ.

"ಯಾರು ಬಡಿಸ್ತಿದ್ದಾರೋ ಅವರದ್ದು," ಎಂದಳು.