ಹಿತಕಿದವಳ ಹೊಟ್ಟೆಕಿಚ್ಚು

ಬಾಗಲೂರಿನ ನಮ್ಮ ಮನೆಯ ಮಹಡಿಯನ್ನು ಅಪ್ಪ ದಿನಬಾಡಿಗೆಗೆ ಕೊಡಲು ಶುರು ಮಾಡಿದ್ದ ಕಾಲ ಅದು. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ಬೆಳಗಿನ ವಿಮಾನ ಹಿಡಿಯುವವರು ಹಿಂದಿನ ದಿನವೇ ಬಂದು ಉಳಿಯುತ್ತಿದ್ದರು. ರೂಮು ಹುಡುಕುವವರಿಗೆಂದು ಫೋನಿನ ಆ್ಯಪಿನಲ್ಲಿ ಹಾಕಿದ್ದ ಮನೆಯ ಫೋಟೊಗಳ ಕೆಳಗೆ ‘ಮನೆಯೂಟ ಸಿಗುತ್ತದೆ’ ಎಂದು ಅಕ್ಕನೇ ಹಟ ಹಿಡಿದು ಬರೆಸಿದ್ದಳು. ಪಿಯುಸಿ ಫೇಲಾಗಿ ಮನೆಯಲ್ಲಿದ್ದ ಅವಳನ್ನು ಊರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮಹಡಿಗೆ ಬಂದವರು ಮಾತ್ರ ಅವಳ ಅಡುಗೆ ಉಂಡು, ಹೆಸರು ಕೇಳಿ ತಿಳಿದುಕೊಂಡು ಹೋಗುತ್ತಿದ್ದರು.

ಅವರೆಕಾಯಿ ಕಾಲ ಬಂದರೆ ನನ್ನ ಪಾಡು ಕೇಳಬೇಡಿ. ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುವ ಕೆಲಸ ನನ್ನದು. ಬೆರಳ ತುದಿಯೆಲ್ಲ ಸುಕ್ಕು, ಹೊದ್ದ ಕಂಬಳಿಗೂ ಅವರೆಯ ಸೊಗಡು. ಸಾರು ಕುದಿಯುವಾಗ ತಟ್ಟೆ ಹಿಡಿದು ಹೋದರೆ, “ತಡಿಯೇ, ಮೊದ್ಲು ಮೇಲ್ನೋರಿಗೆ,” ಅನ್ನುತ್ತಿದ್ದಳು ಅಕ್ಕ. ಹಿತಕಿದ್ದು ನಾನು, ಹೆಸರು ಅವಳಿಗೆ.

ಒಮ್ಮೆ ಧಾರವಾಡದ ಕಡೆಯ ಗಂಡಹೆಂಡತಿ ಬಂದಿದ್ದರು. ಮುದ್ದೆ, ಸಾರು ಮಹಡಿಗೆ ಒಯ್ದವಳು ನಾನು. ಆ ಅಮ್ಮ ಒಂದು ತುತ್ತು ನುಂಗಿ ಕಣ್ಣರಳಿಸಿದರು.

“ಯಾರ್ ಮಾಡ್ಯಾರವ್ವಾ ಇದನ್ನ? ಆ ಕೈಗೆ ಬಂಗಾರದ ಬಳಿ ಹಾಕ್ಬೇಕ್ ನೋಡು!”

ನನ್ನ ಹೊಟ್ಟೆಯೊಳಗೆ ಒಗ್ಗರಣೆ ಸಿಡಿದಂತಾಯಿತು. “ಯಾರೂ ಇಲ್ಲ, ಹೋಟ್ಲಿಂದ ತಂದಿದ್ದು,” ಅಂದೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. “ಹೌದಾ?” ಎಂದರು.

ಅವರು ಹೋದ ಮೇಲೆ ಅಪ್ಪ ಫೋನು ನೋಡಿ ಗಟ್ಟಿಯಾಗಿ ಓದಿದ. ಮನೆಯೂಟವೆಂದು ಹೇಳಿ ಹೋಟೆಲಿನ ಊಟ ಕೊಡುತ್ತಾರೆ, ನಂಬಬೇಡಿ ಎಂದು ಬರೆದಿದ್ದರು.

ಅಕ್ಕ ನಕ್ಕಳು. “ಅಷ್ಟೊಂದ್ ರುಚಿಯಾಗಿತ್ತೇನೋ ಕಣಪ್ಪ, ಅದ್ಕೇ ನಂಬ್ಲಿಲ್ಲ.”

“ನಗ್ಬೇಡ. ಇಂಗೆ ಬರೆದ್ರೆ ರೂಮಿಗೂ ಯಾರೂ ಬರಲ್ಲ. ಊಟ ಗೀಟ ಎಲ್ಲ ಬ್ಯಾಡ ಇನ್ಮೇಲೆ,” ಅಂದ ಅಪ್ಪ.

ನಗು ಇಳಿದ ಮುಖದಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. “ಅವ್ರು ನಿನ್ ಹತ್ರ ಏನಾದ್ರೂ ಅಂದ್ರೇನೇ?”

“ಇಲ್ಲ,” ಎಂದು ಕುಂಟೆಬಿಲ್ಲೆ ಆಡಲು ಓಡಿದೆ.

ಆ ಸಂಜೆ ಮೊದಲ ಸೌಟು ನನ್ನ ತಟ್ಟೆಗೇ ಬಿತ್ತು. ಗೆದ್ದವಳಂತೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಈಗ ಮಹಡಿಯವರ ಊಟ ಬೈಕಿನಲ್ಲಿ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬರುತ್ತದೆ. ಅವರೆ ಬೆಳೆಯುತ್ತಿದ್ದ ಹೊಲಗಳೆಲ್ಲ ಲೇಔಟಾಗಿವೆ. ಹಿತಕಿದ ಬೇಳೆಯನ್ನೇ ಅಂಗಡಿಯಿಂದ ತರುತ್ತೇವೆ. ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಭಾನುವಾರ ನನಗೂ ನನ್ನ ಮಗಳಿಗೂ ಸಾರು ಮಾಡಿ ಬಡಿಸುತ್ತಾಳೆ. ಕೈರುಚಿ ಹೋಗಿಲ್ಲ. ಆದರೆ ಬಡಿಸಿದ ಮೇಲೆ ‘ಹೆಂಗಿದೆ?’ ಎಂದು ಅವಳು ಯಾರನ್ನೂ ಕೇಳುವುದಿಲ್ಲ. ಚೆನ್ನಾಗಿದೆಯೆಂದು ನಾನಾಗಿ ಹೇಳೋಣವೆಂದರೆ, ಮೊದಲು ಅಂದಿನ ಆ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತದೆ. ತಲೆ ಬಗ್ಗಿಸಿ ಉಣ್ಣುತ್ತೇನೆ.